ಶೇ. 47ರಿಂದ 39ಕ್ಕೆ: ಏರಿದ್ದು ಉಳಿತಾಯವಲ್ಲ, ಮನೆಯ ಬೆಲೆ

ಅಮೆರಿಕದ ಬೋಸ್ಟನ್ ಕಾಲೇಜಿನ ನಿವೃತ್ತಿ ಸಂಶೋಧನಾ ಕೇಂದ್ರದ ಅಪಾಯ ಸೂಚ್ಯಂಕವು 2019ರಲ್ಲಿ ಶೇ. 47 ಇದ್ದದ್ದು 2022ರಲ್ಲಿ ಶೇ. 39ಕ್ಕೆ ಇಳಿದಿದೆಯಲ್ಲ, ಮೂರೇ ವರ್ಷದಲ್ಲಿ ಅಲ್ಲಿಯ ಜನ ಅಷ್ಟೊಂದು ಉಳಿತಾಯ ಮಾಡಿದರೇ ಎಂದು ಕೇಳಿದ್ದೀರಿ. ಹಾಗಲ್ಲ, ಆ ಅವಧಿಯಲ್ಲಿ ಮುಖ್ಯವಾಗಿ ಏರಿದ್ದು ಮನೆಗಳ ಬೆಲೆ.

ನಿವೃತ್ತಿಯ ನಂತರ ಈಗಿನ ಜೀವನಮಟ್ಟವನ್ನು ಉಳಿಸಿಕೊಳ್ಳಲಾಗದ ಕುಟುಂಬಗಳ ಪಾಲು ಎಷ್ಟೆಂದು ಈ ಸೂಚ್ಯಂಕ ಅಂದಾಜು ಮಾಡುತ್ತದೆ. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ನಡೆಸುವ ಸಮೀಕ್ಷೆಯೇ ಇದಕ್ಕೆ ಆಧಾರ. ಆದರೆ ಲೆಕ್ಕದೊಳಗೆ ಒಂದು ಉದಾರವಾದ ಊಹೆ ಅಡಗಿದೆ: ಎಲ್ಲರೂ 65ರವರೆಗೆ ದುಡಿಯುತ್ತಾರೆ, ಉಳಿತಾಯವನ್ನೆಲ್ಲ ಜೀವನಪರ್ಯಂತದ ಮಾಸಿಕ ಆದಾಯವಾಗಿ ಪರಿವರ್ತಿಸುತ್ತಾರೆ, ಜೊತೆಗೆ ವಾಸದ ಮನೆಯ ಮೇಲೆ ರಿವರ್ಸ್ ಮಾರ್ಟ್‌ಗೇಜ್ ಸಾಲವನ್ನೂ (ಮನೆಯಲ್ಲೇ ವಾಸವಿದ್ದು, ಅದನ್ನು ಅಡವಿಟ್ಟು ಹಣ ಪಡೆಯುವ ವ್ಯವಸ್ಥೆ) ಪಡೆಯುತ್ತಾರೆ ಎಂದು ಅದು ಭಾವಿಸುತ್ತದೆ. ವಾಸ್ತವದಲ್ಲಿ ಅಂಥ ಸಾಲ ಪಡೆಯುವ ವೃದ್ಧರು ತೀರಾ ವಿರಳ. ನಮ್ಮಲ್ಲಿಯೂ ಅಷ್ಟೇ: ಸೈಟಿನ ಬೆಲೆ ಕೋಟಿ ಮುಟ್ಟಿದರೂ ಅದರಿಂದ ತಿಂಗಳ ದಿನಸಿ ಬರುವುದಿಲ್ಲ, ಔಷಧಿ ಅಂಗಡಿಯ ಬಾಕಿ ತೀರುವುದಿಲ್ಲ. ಸ್ವಂತ ಮನೆಯಿಲ್ಲದ ಬಾಡಿಗೆದಾರರಿಗಂತೂ ಈ ಬೆಲೆಯೇರಿಕೆಯಿಂದ ಯಾವ ಭದ್ರತೆಯೂ ದಕ್ಕಿಲ್ಲ.

ಆದ್ದರಿಂದ ಶೇ. 39 ಎಂಬುದನ್ನು ನಾನು ಕನಿಷ್ಠ ಅಂದಾಜೆಂದೇ ಓದುತ್ತೇನೆ. ಮನೆ ಬೆಲೆ ಕುಸಿದರೆ ಈ ಸೂಚ್ಯಂಕ ಪುನಃ ಮೇಲೇರಬಹುದು.