ಜೆಲ್ ಉಬ್ಬಲಿಲ್ಲ ಅಂತ ಇನ್ನಷ್ಟು ಸುರಿಯಬೇಡಿ, ಮೊದಲು ನೀರು ನೋಡಿ

ಅಣ್ಣಾ, ಅಡಿಕೆ ಸಸಿಗೆ ಹಾಕೋಕೆ ನೀವು ನೆನೆಸಿದ ಹೈಡ್ರೋಜೆಲ್ (ನೀರು ಹೀರಿ ಉಬ್ಬಿ, ಬೇರಿನ ಹತ್ತಿರ ಹಿಡಿದಿಡುವ ಹರಳು) ಫೋಟೋ ನೋಡಿದೆ. ಅರೆಬೆಂದ ಸಾಬಕ್ಕಿ ತರ ಕೂತಿದೆ. ಪ್ಯಾಕೆಟ್ ನಕಲಿ, ಇನ್ನೆರಡು ಸುರಿಯುತ್ತೇನೆ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಹೊಳಲ್ಕೆರೆ ಕಡೆ ನಮ್ಮ ತೋಟದಲ್ಲೂ ಮೊದಲು ಹೀಗೇ ದುಡ್ಡು ಸುರಿದಿದ್ದೆವು. ತೊಂದರೆ ಇದ್ದದ್ದು ಬೋರ್ ನೀರಲ್ಲಿ.

ಒಂದು ಗ್ರಾಂ ಜೆಲ್ ಒಂದು ಲೀಟರ್ ಮಳೆನೀರಿಗೆ, ಇನ್ನೊಂದು ಗ್ರಾಂ ಒಂದು ಲೀಟರ್ ಬೋರ್ ನೀರಿಗೆ ಹಾಕಿ. ಬೆಳಗ್ಗೆ ಬಟ್ಟೆಯಲ್ಲಿ ಸೋಸಿ ತೂಗಿ. ಮಳೆನೀರಿನದು ಉಬ್ಬಿ ಬೋರ್ ನೀರಿನದು ಉಬ್ಬದಿದ್ದರೆ ತಪ್ಪು ನೀರಿನದು, ಪ್ಯಾಕೆಟ್‌ನದಲ್ಲ. ತನ್ನ ತೂಕದ 300, 400 ಪಟ್ಟು ನೀರು ಹೀರುತ್ತದೆ ಅಂತ ಪ್ಯಾಕೆಟ್ ಮೇಲಿರುವ ಲೆಕ್ಕವೆಲ್ಲ ಶುದ್ಧ ನೀರಿನದು. ಜೆಲ್‌ನ ಎಳೆಗಳಿಗೆ ಮೈನಸ್ ಚಾರ್ಜ್ ಇರುತ್ತದೆ, ಒಂದನ್ನೊಂದು ದೂಡುತ್ತವೆ, ಆ ಜಾಗಕ್ಕೆ ನೀರು ತುಂಬಿಕೊಳ್ಳುತ್ತದೆ. ಕ್ಯಾಲ್ಸಿಯಂ ಬಂದರೆ ಎರಡು ಎಳೆ ಸೇರಿಸಿ ಬಿಗಿದುಬಿಡುತ್ತದೆ. ಕೆಂಪು ನೀರಿನ ಕಬ್ಬಿಣ ಇನ್ನೂ ಬಿಗಿ. ಲೀಟರ್‌ಗೆ 500 ಮಿಲಿಗ್ರಾಂ ಗಡಸು (ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪು) ಅಂದರೆ ಎರಡು ಸಾವಿರದಲ್ಲಿ ಒಂದು ಪಾಲು ಅಷ್ಟೇ, ಆದರೆ ಒಂದು ಗ್ರಾಂ ಜೆಲ್ ಕೆಡಿಸಲು ಅದೇ ಸಾಕು. ಬೇಳೆ ಬೇಗ ಬೇಯದ ನೀರು ಅಂತ ಮನೆಯಲ್ಲಿ ಹೇಳ್ತಾರಲ್ಲ, ಅದೇ ನೀರು. ಬೇಳೆಯ ಪೆಕ್ಟಿನ್‌ಗೂ ಕ್ಯಾಲ್ಸಿಯಂ ಹೀಗೇ ಗಂಟು ಹಾಕುತ್ತದೆ.

ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಅದು ಒಟ್ಟು ಉಪ್ಪು ಹೇಳುತ್ತದೆ, ಕ್ಯಾಲ್ಸಿಯಂ ಎಷ್ಟು ಅಂತ ಹೇಳಲ್ಲ. ಸೋಡಿಯಂನಿಂದ ಕುಗ್ಗಿದ ಜೆಲ್ ಮಳೆ ನೀರು ಕುಡಿದರೆ ಬಹುಪಾಲು ಮತ್ತೆ ಉಬ್ಬುತ್ತದೆ, ಕ್ಯಾಲ್ಸಿಯಂ ಕಟ್ಟಿದ್ದು ಸುಲಭಕ್ಕೆ ಬಿಡಲ್ಲ. ನೀರಿನ ಗಡಸುತನ ಬೇರೆಯಾಗಿ ಪರೀಕ್ಷೆ ಮಾಡಿಸಿ.

ಇನ್ನೊಬ್ಬರು ಕೆಳಗೆ ಕಾಮೆಂಟಿನಲ್ಲಿ ನೀರಿಗೆ ಆಸಿಡ್ ಹಾಕಿ ಅಂದಿದ್ದಾರೆ. ಸುಮ್ನೆ ಏನೇನೋ ಹೇಳಬೇಡಿ ಸ್ವಾಮಿ! ಆಸಿಡ್‌ನಲ್ಲಿ ಎಳೆಗಳ ಚಾರ್ಜೇ ಹೋಗಿ ಜೆಲ್ ಇನ್ನೂ ಕುಗ್ಗುತ್ತದೆ. ಜೆಲ್ ನೆನೆಸುವ ಡ್ರಮ್‌ಗೆ ಜಿಂಕ್ ಸಲ್ಫೇಟ್, ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ ಹಾಕುವುದೂ ಬೇಡ, ಅವೂ ಎಳೆ ಬಿಗಿಯುತ್ತವೆ.

ನಾನು ಮಾಡೋದು ಇಷ್ಟು. ತಗಡಿನ ಮಾಡಿನ ಮಳೆನೀರು ಡ್ರಮ್‌ನಲ್ಲಿ ಹಿಡಿದು ಅದರಲ್ಲೇ ನೆನೆಸಿ, ಗುಂಡಿಯಲ್ಲಿ ಬೇರಿನ ಮಟ್ಟಕ್ಕೆ ಮಣ್ಣಿನ ಜೊತೆ ಕಲಸುತ್ತೇನೆ. ಮಳೆನೀರು ಇಲ್ಲದಿದ್ದರೆ, ಸ್ವಲ್ಪವೇ ಬೇಕಿದ್ದರೆ ಬೋರ್ ನೀರು ಕುದಿಸಿ, ಆರಿಸಿ, ತಳದ ಬಿಳಿ ಬಿಟ್ಟು ಬಗ್ಗಿಸಿಕೊಳ್ಳಿ. ಗಡಸು ಒಂದಿಷ್ಟು ಇಳಿಯುತ್ತದೆ, ಪೂರ್ತಿ ಅಲ್ಲ. ಆಮೇಲೆ ಡ್ರಿಪ್‌ನಲ್ಲಿ ಅದೇ ಗಡಸು ನೀರು ಬಿಡುತ್ತಿದ್ದರೆ ಜೆಲ್ ವರ್ಷದಿಂದ ವರ್ಷಕ್ಕೆ ಸೋಲುತ್ತದೆ. ಅಂಥ ಕಡೆ ಆ ದುಡ್ಡಲ್ಲಿ ಸೋಗೆ ಮುಚ್ಚಿಗೆ ಮಾಡಿ, ಅದೇ ಜಾಸ್ತಿ ಲಾಭ.

ಭದ್ರಾ ಚಾನಲ್ ನೀರಿನ ಚನ್ನಗಿರಿ ಕಡೆಯವರ ಡೋಸ್ ನೋಡಿ ಹಾಕಬೇಡಿ, ಅವರ ನೀರೇ ಬೇರೆ. ದೆಹಲಿಯ ಐಎಆರ್‌ಐ (ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ) ತಂದ ಪೂಸಾ ಹೈಡ್ರೋಜೆಲ್ ಎಕರೆಗೆ 1ರಿಂದ 2 ಕೆಜಿ ಸಾಕು. ನನಗೆ ಅದೇ ಮೆಚ್ಚುಗೆ. ಹೆಸರಿಲ್ಲದ ಬಿಳಿ ಪುಡಿ ತರಬೇಡಿ. ಡಯಾಪರ್ ಹರಿದು ಅದರೊಳಗಿನ ಜೆಲ್ ಗುಂಡಿಗೆ ಹಾಕುವವರಂತೂ ಕೇಳಿ, ಅದು ಸೋಡಿಯಂ ಜೆಲ್. ಮೊದಲೇ ಚೌಳು ಇರುವ ಹೊಲಕ್ಕೆ ಇನ್ನಷ್ಟು ಸೋಡಿಯಂ ಯಾಕೆ ಸೇರಿಸುತ್ತೀರಿ? ಪೊಟ್ಯಾಸಿಯಂ ಇರುವ ಜೆಲ್ಲನ್ನೇ ಕೇಳಿ ತಗೊಳ್ಳಿ.