ಕರೆಂಟ್, ಸೆನ್ಸರ್ ಬಂದರೆ ಗಣಿಗಾರಿಕೆ ಪರಿಸರಕ್ಕೆ ಒಗ್ಗುತ್ತಾ?

ಡೀಸೆಲ್ ಬದಲು ಕರೆಂಟ್ ಬಳಸಿ, ಸೆನ್ಸರ್, ಸಾಫ್ಟ್‌ವೇರ್ ಎಲ್ಲ ಹಾಕಿದರೆ ಗಣಿಗಾರಿಕೆಯಿಂದ ಪರಿಸರಕ್ಕಾಗುವ ಹಾನಿ ನಿಜವಾಗಲೂ ಕಡಿಮೆ ಆಗುತ್ತಾ, ಅಥವಾ ಇದು ಕಂಪನಿಗಳ ಬಣ್ಣದ ಮಾತಾ, ಕಾಲೇಜಿನ ಸೆಮಿನಾರ್‌ಗೆ ಬೇಕು ಅಂತ ಕೇಳಿದ್ದೀರಿ. ನಾನು ಬಳ್ಳಾರಿ ಕಡೆಯ ಕಬ್ಬಿಣದ ಅದಿರಿನ ಗಣಿಗಳಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸ ಮಾಡಿದವನು. ನನ್ನ ಪ್ರಕಾರ ಹೊಗೆ ಕಡಿಮೆ ಆಗುತ್ತೆ, ಇಂಧನ ಉಳಿಯುತ್ತೆ, ಕಳ್ಳತನಕ್ಕೂ ಕಡಿವಾಣ ಬೀಳುತ್ತೆ. ಆದರೆ ಅಗೆದು ಹಾಕಿದ ಮಣ್ಣು ಅಲ್ಲೇ ಇರುತ್ತೆ.

ಗಣಿಗೆ ಕರೆಂಟ್ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾದಾಗ ಅದು ಮೊದಲು ಹೋಗಿದ್ದು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪ ಹೊತ್ತಿಕೊಂಡಿದ್ದು 1905ರಲ್ಲಿ. ಇವತ್ತಿನ ಲೆಕ್ಕದಲ್ಲಿ ಅದು ಅಪ್ಪಟ ಗ್ರೀನ್ ಪವರ್! ನೂರು ವರ್ಷ ಕರೆಂಟಿನಲ್ಲೇ ಓಡಿದ ಆ ಗಣಿ 2001ರಲ್ಲಿ ಮುಚ್ಚಿತು. ಈಗ ಕೆಜಿಎಫ್‌ಗೆ ಹೋದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು ಕಾಣುತ್ತವೆ, ಸೈನೈಡ್ ದಿಬ್ಬ ಅಂತಾರೆ. ಗಾಳಿ ಜೋರಾದರೆ ಆ ಧೂಳು ಮನೆಯೊಳಗೇ ಬರುತ್ತದೆ. ಹಾಗಾಗಿ 'ನಮ್ಮದು ಪೂರ್ತಿ ಎಲೆಕ್ಟ್ರಿಕ್ ಗಣಿ' ಎಂದು ಯಾರಾದರೂ ಹೇಳಿದರೆ, ತ್ಯಾಜ್ಯ ಎಲ್ಲಿ ಹಾಕ್ತೀರಿ ಅಂತ ಮೊದಲು ಕೇಳಿ.

ಇನ್ನು ನನಗೆ ಇಷ್ಟವಾದ ವಿಷಯ, ಡಂಪರ್, ಅಂದರೆ ಗಣಿಯಲ್ಲಿ ಅದಿರು, ಮಣ್ಣು ಹೊರುವ ದೈತ್ಯ ಲಾರಿ. ದೊಡ್ಡ ಡಂಪರ್‌ಗಳು ಎಷ್ಟೋ ಈಗಾಗಲೇ ಅರ್ಧ ಎಲೆಕ್ಟ್ರಿಕ್. ಬಿಇಎಂಎಲ್‌ನವರು ಮೈಸೂರಿನಲ್ಲಿ ಮಾಡುವ 205 ಟನ್ನಿನದ್ದೂ ಅದೇ ಜಾತಿ. ಡೀಸೆಲ್ ಎಂಜಿನ್ ಆಲ್ಟರ್ನೇಟರ್ ಅನ್ನೋ ಕರೆಂಟ್ ತಯಾರಿಸುವ ಯಂತ್ರ ತಿರುಗಿಸುತ್ತೆ, ಆ ಕರೆಂಟಿನಿಂದ ಚಕ್ರದ ಮೋಟಾರ್ ಓಡುತ್ತೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಅದೇ ಮೋಟಾರ್ ಜನರೇಟರ್ ಆಗಿ ಕರೆಂಟ್ ಕೊಡುತ್ತೆ. ಆ ಕರೆಂಟ್ ಏನಾಗುತ್ತೆ ಗೊತ್ತಾ? ಗ್ರಿಡ್ ಬಾಕ್ಸ್ ಅಂತ ಒಂದಿದೆ. ಅದರೊಳಗಿನ ರೆಸಿಸ್ಟರ್ ಪಟ್ಟಿಗಳನ್ನು (ಹೀಟರ್ ಕಾಯಿಲ್ ತರಹದ್ದು) ಕಾಯಿಸಿ, ಬ್ಲೋವರ್ ಹಚ್ಚಿ ಬಿಸಿಗಾಳಿಯನ್ನು ಹೊರಗೆ ಊದಿಬಿಡುತ್ತಾರೆ. ಪಕ್ಕದಲ್ಲಿ ನಿಂತರೆ ಮುಖ ಸುಡುತ್ತೆ. ಎಲ್ಲ ದಂಡ!

ಡಂಪರಿನ ಡೀಸೆಲ್ ಕಡಿಮೆ ಮಾಡಲು ಎರಡು ದಾರಿ ಇವೆ. ಮೊದಲನೆಯದು ಟ್ರಾಲಿ ಲೈನ್. ಸ್ವೀಡನ್ನಿನ ಐತಿಕ್ ತಾಮ್ರದ ಗಣಿಯಲ್ಲಿ 2018ರಲ್ಲಿ 700 ಮೀಟರ್ ಏರಿನ ಮೇಲೆ ರೈಲಿಗೆ ಎಳೆದ ಹಾಗೆ ತಂತಿ ಎಳೆದು ಪ್ರಯೋಗ ಮಾಡಿದರು. ಏರುವಾಗ ಡಂಪರ್ ತಂತಿಯಿಂದ ಕರೆಂಟ್ ತಗೊಳ್ಳುತ್ತೆ, ಡೀಸೆಲ್ ಎಂಜಿನ್ ಸುಮ್ನೆ ಗುರುಗುಟ್ಟುತ್ತಿರುತ್ತೆ. ಎರಡನೆಯದು ಬ್ಯಾಟರಿ. ಸ್ವಿಟ್ಜರ್ಲೆಂಡಿನ ಬೀಲ್ ಹತ್ತಿರದ ಒಂದು ಸಿಮೆಂಟ್ ಕಂಪನಿಯ ಕ್ವಾರಿಯಲ್ಲಿ ಕೊಮಾಟ್ಸು ಡಂಪರಿನ ಎಂಜಿನ್ ಕಿತ್ತು ಬ್ಯಾಟರಿ ಕೂರಿಸಿದ್ದಾರೆ. ಅಲ್ಲಿ ಕಲ್ಲು ಇರುವುದು ಬೆಟ್ಟದ ಮೇಲೆ. ಗಾಡಿ ಖಾಲಿ ಹತ್ತುತ್ತೆ, ಸುಮಾರು 65 ಟನ್ ಹೊತ್ತು ಇಳಿಯುತ್ತೆ. ಇಳಿಯುವಾಗ ಆ ಭಾರವೇ ಬ್ಯಾಟರಿ ತುಂಬಿಸುತ್ತೆ. ಮುಂದಿನ ಸಲ ಹತ್ತಲು ಹೆಚ್ಚುಕಡಿಮೆ ಅದೇ ಸಾಕಾಗುತ್ತೆ. ಸಂಡೂರಿನಲ್ಲೂ ಎಷ್ಟೋ ಕಡೆ ಅದಿರು ಬೆಟ್ಟದ ಮೇಲೆ, ರೈಲಿಗೆ ತುಂಬುವ ಸೈಡಿಂಗ್ ಕೆಳಗೆ. ನಮಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ನೆಲದಡಿಯ ಗಣಿಯಲ್ಲಂತೂ ಲಾಭ ಇನ್ನೂ ಜಾಸ್ತಿ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಆ ಹೊಗೆ, ಶಾಖ ಹೊರಗೆ ಹಾಕಲು ಫ್ಯಾನ್‌ಗಳು ಹಗಲೂ ರಾತ್ರಿ ಓಡಬೇಕು, ಬಿಲ್ಲಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತೆ. ಬ್ಯಾಟರಿ ಗಾಡಿ ಬಂದರೆ ಅಷ್ಟು ಗಾಳಿ ಬೇಡ. ಜನ, ಗಾಡಿ ಎಲ್ಲಿದ್ದಾರೆ ಅಂತ ಅವರಿಗೆ, ಗಾಡಿಗೆ ಹಾಕಿದ ಸಿಗ್ನಲ್ ಕೊಡುವ ಟ್ಯಾಗ್ ನೋಡಿ ಅಲ್ಲಿಗಷ್ಟೇ ಗಾಳಿ ಕಳಿಸಬಹುದು. ಕೆನಡಾದ ಬೋರ್ಡನ್ ಚಿನ್ನದ ಗಣಿಯನ್ನು ಈ ಲೆಕ್ಕದಲ್ಲೇ ಕಟ್ಟಿದರು.

ಡಿಜಿಟಲ್ ವಿಚಾರಕ್ಕೆ ಬಂದರೆ, ನಮ್ಮ ಕಡೆ ಅದರ ಮೊದಲ ಉಪಯೋಗ ಕಳ್ಳರನ್ನು ಹಿಡಿಯುವುದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವಾಗ ಲೀಸಿನ ಗಡಿ ಎಲ್ಲಿದೆ ಅನ್ನುವುದೇ ದೊಡ್ಡ ಜಗಳ. 2016ರಲ್ಲಿ ಕೇಂದ್ರ ಸರ್ಕಾರ ಉಪಗ್ರಹದ ಚಿತ್ರ ನೋಡುವ ವ್ಯವಸ್ಥೆ ತಂದಿತು. ಲೀಸಿನ ಸುತ್ತ 500 ಮೀಟರಿನೊಳಗೆ ನೆಲ ಅಗೆದಿದ್ದು ಕಂಡರೆ ರಾಜ್ಯಕ್ಕೆ ಸೂಚನೆ ಹೋಗುತ್ತೆ. ಹೋಗಿ ನೋಡಬೇಕಾದವರು ಅಧಿಕಾರಿಗಳೇ, ಅದೊಂದು ಬೇರೆ ಕಥೆ ಬಿಡಿ.

ಸೆನ್ಸರ್ ಇದ್ದ ಮಾತ್ರಕ್ಕೆ ಯಾರೂ ನಿರಾಳವಾಗಿ ಕೂರುವ ಹಾಗಿಲ್ಲ. 2019ರ ಜನವರಿಯಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ಗಣಿ ತ್ಯಾಜ್ಯದ ಅಣೆಕಟ್ಟು ಒಡೆದು 270 ಜನ ಸತ್ತರು. ಅಣೆಕಟ್ಟಿನೊಳಗೆ ನೀರಿನ ಒತ್ತಡ ಅಳೆಯುವ ಉಪಕರಣಗಳಿದ್ದವು. ರೀಡಿಂಗ್ ವಿಚಿತ್ರವಾಗಿದೆ ಎಂದು ಮುಂಚಿನ ದಿನಗಳಲ್ಲೇ ಇಮೇಲ್ ಓಡಾಡಿದ್ದು ತನಿಖೆಯಲ್ಲಿ ಹೊರಬಂತು. ನಮ್ಮಲ್ಲೂ ಅಲಾರಂ ಪದೇ ಪದೇ ಹೊಡೆದುಕೊಂಡರೆ 'ಸೆನ್ಸರ್ ಹೋಗಿದೆ' ಅಂತ ಬೈಪಾಸ್ ಮಾಡುವವರನ್ನು ಕಂಡಿದ್ದೇನೆ.

ಕೊನೆಗೆ ದುಡ್ಡು. ಬಳ್ಳಾರಿಯಲ್ಲಿ ಟಿಪ್ಪರ್ ಇಟ್ಟವರಲ್ಲಿ ಎಷ್ಟೋ ಜನ ಸಾಲ ಮಾಡಿ ಒಂದೋ ಎರಡೋ ಗಾಡಿ ತಂದವರು. ಅವರಿಗೆ ಎಲೆಕ್ಟ್ರಿಕ್ ಟಿಪ್ಪರ್ ತಗೊಳ್ಳಿ ಅಂದರೆ ಕಂತು ಕಟ್ಟೋರು ಯಾರು? ಸಂಡೂರು ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಅದಿರು ಸಾಗಿಸಲು ಉದ್ದನೆಯ ಪೈಪ್ ಕನ್ವೇಯರ್ ಇದೆ. ಕರೆಂಟಿನಲ್ಲಿ ಓಡುತ್ತೆ, ಬೆಲ್ಟ್ ಸುರುಳಿ ಸುತ್ತಿಕೊಂಡಿರುವುದರಿಂದ ಧೂಳು ಹಾರಲ್ಲ, ರಸ್ತೆಯಲ್ಲಿ ಲಾರಿ ಕಮ್ಮಿ. ಪರಿಸರಕ್ಕೆ ಒಳ್ಳೆಯದೇ. ಅದೇ ಲೋಡಿನ ಮೇಲೆ ಬದುಕುತ್ತಿದ್ದ ಟಿಪ್ಪರಿನವನಿಗೆ ಮಾತ್ರ ಹೊಟ್ಟೆಗೆ ಹೊಡೆತ. ಸೆಮಿನಾರ್‌ಗೆ ಮುಂಚೆ ಅವರನ್ನೂ ಒಮ್ಮೆ ಮಾತಾಡಿಸಿ. ಲೋಡ್ ಇಲ್ಲದ ದಿನ ರಸ್ತೆ ಬದಿ ಗಾಡಿ ಹಚ್ಚಿಕೊಂಡು ಕೂತಿರುತ್ತಾರೆ, ಮಾತಾಡಲು ಪುರುಸೊತ್ತು ಇರುತ್ತೆ.