ಚುಕ್ಕಿಗಳನ್ನು ನಂಬಬೇಡಿ

ನಮಸ್ಕಾರ. ಅಂಗಡಿಯ ಕಂಪ್ಯೂಟರನ್ನು ನಾಲ್ಕು ಜನ ಬಳಸುತ್ತೇವೆ, ಕ್ರೋಮ್‌ನಲ್ಲಿ ಸೇವ್ ಆದ ನನ್ನ ಪಾಸ್‌ವರ್ಡ್ ಬರೀ ಚುಕ್ಕಿಗಳಾಗಿ ಕಾಣುತ್ತದೆ, ಹಾಗಾದರೆ ಭಯವಿಲ್ಲ ಅಲ್ವಾ ಎಂದು ಕೇಳಿದ್ದೀರಿ.

ಭಯ ಇದೆ. ಆ ಚುಕ್ಕಿಗಳು ಪಕ್ಕದಲ್ಲಿ ನಿಂತವರ ಕಣ್ಣಿಗೆ ಮಾತ್ರ ಮರೆ. ಲಾಗಿನ್ ಪುಟದಲ್ಲಿ ಚುಕ್ಕಿಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಇನ್‌ಸ್ಪೆಕ್ಟ್ ಒತ್ತಿ, ತೆರೆಯುವ ಪುಟದ ಕೋಡ್‌ನಲ್ಲಿ ಟೈಪ್ ‘ಪಾಸ್‌ವರ್ಡ್’ ಎಂದಿರುವುದನ್ನು ‘ಟೆಕ್ಸ್ಟ್’ ಎಂದು ತಿದ್ದಿದರೆ ಸಾಮಾನ್ಯವಾಗಿ ಅಕ್ಷರಗಳು ಹಾಗೇ ಕಾಣುತ್ತವೆ. ಅರ್ಧ ನಿಮಿಷದ ಕೆಲಸ. ಒಮ್ಮೆ ನೀವೇ ಮಾಡಿ ನೋಡಿ, ಆಮೇಲೆ ಸೇವ್ ಒತ್ತಲು ಮನಸ್ಸೇ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನೋಡಲು ಹೋದರೆ ವಿಂಡೋಸ್ ಪಿನ್ ಕೇಳುತ್ತದೆ, ನಿಜ. ಆದರೆ ಎಲ್ಲರೂ ಒಂದೇ ಪಿನ್ ಹಾಕಿ ಒಳಗೆ ಹೋಗುತ್ತಿದ್ದರೆ ಅದರಿಂದ ಏನು ಉಪಯೋಗ?

ಒಂದು ವಿಷಯ ಗಮನಿಸಿ. ಸಿಂಕ್, ಅಂದರೆ ಒಂದೇ ಗೂಗಲ್ ಖಾತೆಯ ಪಾಸ್‌ವರ್ಡ್‌ಗಳನ್ನು ಎಲ್ಲ ಸಾಧನಗಳಲ್ಲೂ ಒಂದೇ ತರ ಇಡುವ ವ್ಯವಸ್ಥೆ, ಆನ್ ಇದ್ದರೆ ಅಂಗಡಿಯಲ್ಲಿ ಅಳಿಸಿದ ಪಾಸ್‌ವರ್ಡ್ ನಿಮ್ಮ ಫೋನಿನಿಂದಲೂ ಹೋಗುತ್ತದೆ. ಅದಕ್ಕೇ ಮೊದಲು ಆ ಕ್ರೋಮ್‌ನಿಂದ ನಿಮ್ಮ ಗೂಗಲ್ ಖಾತೆಯನ್ನು ಸೈನ್ ಔಟ್ ಮಾಡಿ. ಆಮೇಲೂ ಅಲ್ಲಿ ಏನಾದರೂ ಉಳಿದಿದ್ದರೆ ಅಳಿಸಿ. ನಂತರ ನಿಮ್ಮ ಫೋನಿನಿಂದಲೇ ಜೀಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ಈ ಬದಲಿಸುವ ಕೆಲಸವನ್ನು ಮಾತ್ರ ನಾಳೆಗೆ ಇಡಬೇಡಿ. ಜೀಮೇಲ್‌ಗೆ ಎರಡು ಹಂತದ ಪರಿಶೀಲನೆಯನ್ನೂ ಆನ್ ಮಾಡಿ.

ಕ್ರೋಮ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿಕೊಂಡರೆ ಸಾಲದು, ಅದಕ್ಕೆ ಬೀಗವಿಲ್ಲ. ವಿಂಡೋಸ್‌ನಲ್ಲೇ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಸಿ. ಮಾಲೀಕರು ಒಪ್ಪದಿದ್ದರೆ ಮುಚ್ಚಿದ ಮೇಲೆ ಲಾಗಿನ್ ವಿವರ ಉಳಿಸಿಕೊಳ್ಳದ ಕ್ರೋಮ್‌ನ ಗೆಸ್ಟ್ ಮೋಡ್ ಬಳಸಿ, ಕೆಲಸ ಮುಗಿದ ಮೇಲೆ ಆ ವಿಂಡೋ ಮುಚ್ಚಿಬಿಡಿ.